ಉದುರೋ ಕೂದಲಿಗೊಂದು ಜಾಗ

ನಮ್ಮ ಹಾಸ್ಟೆಲ್‌ನಲ್ಲಿ ಕಪ್ಪು ಟೀ ಶರ್ಟ್ ಹಾಕೋರು ಎರಡು ತರ. ಬೆನ್ನ ಮೇಲೆ ಬಿಳಿ ಕೂದಲು ಅಂಟಿಸಿಕೊಂಡು ಓಡಾಡೋರು ಒಂದು ತರ, ತಮ್ಮ ಬೆನ್ನು ತಾವು ಇನ್ನೂ ನೋಡ್ಕೊಂಡಿಲ್ಲದೋರು ಇನ್ನೊಂದು ತರ. ಫೆಸ್ಟ್ ಟೀ ಶರ್ಟ್, ಲ್ಯಾಬ್ ಕೋಟ್, ಹಾಸಿಗೆ, ಊರಿಂದ ತಂದ ಜಮಖಾನ, ಲ್ಯಾಪ್‌ಟಾಪಿನ ಫ್ಯಾನ್, ಹೀಗೆ ಎಲ್ಲಾ ಕಡೆ ಕೂದಲು. ಒಂದು ಸಲ ಲ್ಯಾಬ್ ರೆಕಾರ್ಡ್‌ಗೆ ಅಂಟಿಸಿದ ಗ್ರಾಫ್ ಶೀಟಿನ ಅಡಿಯಲ್ಲೂ ಒಂದು ಸಿಕ್ಕಿತ್ತು. ನಾವು ಬರೆದ ಕರ್ವ್‌ಗಿಂತ ಅದೇ ಸ್ಮೂತ್ ಆಗಿತ್ತು.

ಈ ಕೂದಲಿನ ಮಾಲೀಕರು ಇಬ್ಬರು. ಒಂದು, ವೈವಾ. ಕಂದು-ಬಿಳಿ ಬಣ್ಣದ ನಾಯಿ. ಯಾರೋ ಸಾಕಿ, ಆಮೇಲೆ ಬೇಡವಾಗಿ ನಮ್ಮ ಹಿಂದಿನ ಗೇಟಿನ ಹತ್ತಿರ ಬಿಟ್ಟುಹೋದದ್ದು. ಪೊಮೆರೇನಿಯನ್ ಅಂತ ನಮ್ಮ ಕಡೆ ಎಲ್ಲರೂ ಕರೆಯೋ ಸ್ಪಿಟ್ಜ್ ಜಾತಿ ಅರ್ಧ, ಬೀದಿ ಜಾತಿ ಅರ್ಧ. ಏನೂ ಓದಿರದ ದಿನವೇ ಎದುರಿಗೆ ಬಂದು ಕೂರುತ್ತೆ ಅಂತ ಸೀನಿಯರ್ಸ್ ಈ ಹೆಸರಿಟ್ಟಿದ್ದಾರೆ. ಇನ್ನೊಂದು, ಮೊಸರು. ಬಿಳಿ ಬೆಕ್ಕು. ಮೆಸ್ಸಲ್ಲಿ ಮೊಸರನ್ನದ ದಿನ ಮಾತ್ರ ನಮ್ಮ ಮೇಲೆ ಪ್ರೀತಿ ಅದಕ್ಕೆ.

ನಾವು ಅಂದ್ರೆ ಎರಡನೇ ಮಹಡಿಯ ಒಂದೇ ರೂಮಿನ ಮೂವರು. ಮೂವರೂ ಇಂಗ್ಲಿಷ್ ಮೀಡಿಯಂ. 'ಶೆಡ್ಡಿಂಗ್'ಗೆ ಕನ್ನಡದಲ್ಲಿ ಏನಂತಾರೆ ಅಂತ ಈ ಲೇಖನ ಬರೆಯೋಕೆ ಕೂತಾಗ ಹತ್ತು ನಿಮಿಷ ತಲೆ ಕೆರ್ಕೊಂಡ್ವಿ. ಕೊನೆಗೆ ಮೆಸ್ ಅಕ್ಕನ್ನ ಕೇಳಿದ್ವಿ. "ಅದಕ್ಕೇನ್ರಪ್ಪಾ, ಕೂದ್ಲು ಉದುರುಸ್ತಾ ಐತೆ ಅಂತಾರೆ. ಮರ ಎಲೆ ಉದುರ್ಸಲ್ವಾ, ಹಂಗೆ" ಅಂದ್ರು. ನಮ್ಮ ಹತ್ತು ನಿಮಿಷದ ಕೆಲಸ ಅವರು ಹತ್ತು ಪದದಲ್ಲಿ ಮುಗಿಸಿದ್ರು.

ಅಕ್ಕನ ಹೋಲಿಕೆ ಸುಮ್ಮನೆ ಹೇಳಿದ ಮಾತಲ್ಲ. ನಾಯಿ, ಬೆಕ್ಕಿನ ಒಂದೊಂದು ಕೂದಲಿಗೂ ಒಂದು ಆಯಸ್ಸು ಇರುತ್ತೆ. ಸ್ವಲ್ಪ ಕಾಲ ಬೆಳೆಯುತ್ತೆ, ಆಮೇಲೆ ಬೆಳವಣಿಗೆ ನಿಲ್ಲಿಸಿ ಬುಡದಲ್ಲೇ ಸುಮ್ಮನೆ ಕೂತಿರುತ್ತೆ, ಕೆಳಗಿಂದ ಹೊಸದು ಬಂದಾಗ ಬಿದ್ದುಹೋಗುತ್ತೆ. ಯಾವಾಗ ಎಷ್ಟು ಬೀಳಬೇಕು ಅನ್ನೋದನ್ನ ಹೆಚ್ಚಾಗಿ ಹಗಲಿನ ಉದ್ದ ತೀರ್ಮಾನಿಸುತ್ತೆ, ಅದರ ಜೊತೆ ಸೆಕೆ ಚಳಿಯೂ ಸೇರ್ಕೊಳ್ಳುತ್ತೆ. ಚಳಿದೇಶದಲ್ಲಿ ಹಗಲು ಸಿಕ್ಕಾಪಟ್ಟೆ ಹಿಗ್ಗಿ ಕುಗ್ಗುತ್ತೆ, ಹಾಗಾಗಿ ಅಲ್ಲಿ ವರ್ಷಕ್ಕೆ ಎರಡು ಸಲ ದೊಡ್ಡ ಉದುರು. ನಮ್ಮಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಹಗಲಿನ ವ್ಯತ್ಯಾಸ ಕಮ್ಮಿ. ಅದರ ಮೇಲೆ ನಮ್ಮ ಕಾರಿಡಾರಿನ ಟ್ಯೂಬ್‌ಲೈಟು ರಾತ್ರಿ ಎರಡು ಗಂಟೆ ತನಕ ಉರಿಯುತ್ತೆ. ಅದಕ್ಕೇ ಇಲ್ಲಿನ ಪ್ರಾಣಿಗಳು ವರ್ಷಪೂರ್ತಿ ಸ್ವಲ್ಪ ಸ್ವಲ್ಪ ಉದುರಿಸ್ತಾನೇ ಇರ್ತವೆ.

ಎಲ್ಲಾ ನಾಯಿಗೂ ಒಂದೇ ತರದ ಕೋಟು ಇರಲ್ಲ. ಮುಧೋಳ ನಾಯಿ ನೋಡಿದ್ದೀರಲ್ಲ, ಮೈಗೆ ಅಂಟಿದ ಹಾಗೆ ನುಣ್ಣನೆ ಗಿಡ್ಡ ಕೂದಲು. ಬೀದಿ ನಾಯಿಗಳದ್ದೂ ಹೆಚ್ಚುಕಮ್ಮಿ ಹಾಗೇ. ಅವಕ್ಕೆ ಒದ್ದೆ ಕೈಯಲ್ಲಿ ಒಂದು ಸಲ ಮೈ ಸವರಿದ್ರೂ ಅರ್ಧ ಕೆಲಸ ಮುಗೀತು. ಸ್ಪಿಟ್ಜ್, ಜರ್ಮನ್ ಶೆಫರ್ಡ್, ಹಸ್ಕಿ ತರದವಕ್ಕೆ ಮಾತ್ರ ಎರಡು ಪದರ. ಮೇಲೆ ಉದ್ದನೆ ಗಡಸು ಕೂದಲು, ಕೆಳಗೆ ಹತ್ತಿಯಂಥ ಮೆತ್ತನೆ ತುಪ್ಪಳ. ಕೆಳಗಿನದು ಉದುರಿದರೂ ನೆಲಕ್ಕೆ ಬೀಳಲ್ಲ, ಮೇಲಿನ ಕೂದಲಿನ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಬಾಚದೇ ಬಿಟ್ರೆ ಅದೇ ಗಂಟು ಕಟ್ಟಿ, ಗಂಟು ಗಂಟಿಗೆ ಸೇರಿ, ಕಂಬಳಿ ತುಂಡಿನ ಹಾಗೆ ಆಗಿ ಚರ್ಮವನ್ನ ಜಗ್ಗೋಕೆ ಶುರು ಮಾಡುತ್ತೆ. ಕೆಳಗೆ ಗಾಳಿ ಆಡಲ್ಲ, ಮಳೆನೀರು ಒಣಗಲ್ಲ, ಹುಣ್ಣಾಗುತ್ತೆ. ವೈವಾ ನಮ್ಮ ಗೇಟಿಗೆ ಬಂದಾಗ ಅದರ ಕಿವಿ ಹಿಂದೆ ಮತ್ತು ಹಿಂಗಾಲಿನ ತೊಡೆ ಮೇಲೆ ಇದ್ದದ್ದು ಇಂಥ ಕಂಬಳಿನೇ. ಕೂದಲು ಜಾಸ್ತಿ ಇರೋ ಜಾತಿಯನ್ನ ಮನುಷ್ಯರೇ ಆರಿಸಿ ಆರಿಸಿ ಬೆಳೆಸಿದ್ದು. ಬಾಚೋ ಕೆಲಸ ಮನುಷ್ಯರೇ ಮಾಡಬೇಕು ಅನ್ನೋ ಲೆಕ್ಕ ಅದರಲ್ಲೇ ಇತ್ತು. ರಸ್ತೆಗೆ ಬಿಟ್ಟುಹೋದವರು ನಾಯಿಯ ಜೊತೆ ಆ ಲೆಕ್ಕವನ್ನೂ ಬಿಟ್ಟುಹೋದ್ರು.

"ಅಷ್ಟೊಂದು ಕಷ್ಟ ಯಾಕೆ, ಟ್ರಿಮ್ಮರ್ ಹಾಕಿ ಬೋಳಿಸಿಬಿಡ್ರೋ, ಬೇಸಿಗೇಲಿ ತಂಪಾಗಿರುತ್ತೆ" ಅಂತ ಕೆಳಗಿನ ಮಹಡಿಯವರು ಸಲಹೆ ಕೊಟ್ಟಿದ್ರು. ಹೀಟ್ ಟ್ರಾನ್ಸ್‌ಫರ್ ಓದೋ ಮೆಕ್ಯಾನಿಕಲ್‌ನವರ ಬಾಯಲ್ಲೇ ಈ ಮಾತು ಬಂದದ್ದು ಆಶ್ಚರ್ಯ. ಕೂದಲಿನ ಮಧ್ಯೆ ಸಿಕ್ಕ ಗಾಳಿ ಇನ್ಸುಲೇಶನ್ ತಾನೇ? ಅದು ಒಳಗಿನ ಬಿಸಿಯನ್ನ ಹಿಡಿಯೋ ಹಾಗೆ ಹೊರಗಿನ ಬಿಸಿಲನ್ನೂ ತಡೆಯುತ್ತೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರೋದಿಲ್ಲ, ತೇಗಿ ತೇಗಿ ಬಾಯಿಂದಲೇ ಬಿಸಿ ಕಳೀಬೇಕು. ಎರಡು ಪದರದ ನಾಯಿಯನ್ನ ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೆ ಹೊಡೆಯುತ್ತೆ, ಕೂದಲು ಮತ್ತೆ ಮೊದಲಿನ ಹಾಗೆ ಬರುತ್ತೆ ಅನ್ನೋ ಖಾತ್ರಿಯೂ ಇಲ್ಲ. ಸತ್ತ ತುಪ್ಪಳವನ್ನ ಬಾಚಿ ತೆಗೆದರೆ ಸಾಕು, ಒಳಗೆ ಗಾಳಿ ಆಡುತ್ತೆ.

ಇಷ್ಟೆಲ್ಲಾ ನಾವು ತಲೆಗೆ ಹಚ್ಕೊಂಡದ್ದಕ್ಕೆ ಒಂದು ಕಾರಣ ಇದೆ. ನಮ್ಮ ಮೂವರಲ್ಲಿ ಒಬ್ಬನಿಗೆ ಚಿಕ್ಕಂದಿನಿಂದ ಉಬ್ಬಸ. ದಿಂಬಿನ ಪಕ್ಕ ಇನ್‌ಹೇಲರ್ ಇಟ್ಕೊಂಡೇ ಮಲಗ್ತಾನೆ. ಹೋದ ಸೆಮಿಸ್ಟರಿನ ಎರಡನೇ ಇಂಟರ್ನಲ್ಸ್ ಹೊತ್ತಿಗೆ ಮೊಸರು ನಮ್ಮ ರೂಮಲ್ಲೇ ಠಿಕಾಣಿ ಹೂಡಿತ್ತು. ಅವನ ಸೀಟಿ ಉಸಿರು ರಾತ್ರಿ ನಮ್ಮಿಬ್ಬರಿಗೂ ಕೇಳ್ತಿತ್ತು. ಒಂದು ರಾತ್ರಿ ಆಟೋ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋಗಿ ನೆಬ್ಯುಲೈಸರ್ ಹಾಕಿಸಿಕೊಂಡು ಬಂದ್ವಿ. ಬೆಳಗ್ಗೆ ವಾರ್ಡನ್ ಸರ್ ಮೂವರನ್ನೂ ಕರೆಸಿದ್ರು. ಬೈಯಲಿಲ್ಲ. "ನೋಡ್ರಪ್ಪಾ, ರೂಮಲ್ಲಿ ಬೆಕ್ಕಾದ್ರೂ ಇರ್ಬೇಕು, ಇವನಾದ್ರೂ ಇರ್ಬೇಕು. ಭಾನುವಾರದೊಳಗೆ ನೀವೇ ಯೋಚ್ನೆ ಮಾಡಿ ಹೇಳಿ" ಅಂದ್ರು.

ಇಡೀ ಮಹಡಿ ಸಭೆ ಸೇರಿತು. ದೂರದ ಮಾರ್ಕೆಟ್ಟಿಗೆ ಹೋಗಿ ಬಿಟ್ಟು ಬರೋಣ ಅಂದವರು ಕೆಲವರು. ದಿನಾ ಚೆನ್ನಾಗಿ ಬಾಚಿದರೆ ಕೂದಲು ಉದುರಲ್ಲ, ಕೂದಲಿಲ್ಲ ಅಂದ್ರೆ ಅಲರ್ಜಿಯೂ ಇಲ್ಲ ಅಂದವರು ಬಹಳ ಜನ. ಉಬ್ಬಸದವನು ಮಾತ್ರ ಸುಮ್ಮನೆ ಕೂತಿದ್ದ. ಕೊನೆಗೆ, "ನನ್ನಿಂದ ಅದು ಬೀದಿಗೆ ಬಿತ್ತು ಅನ್ನೋ ಮಾತು ಬೇಡ ಕಣ್ರೋ" ಅಂದ.

ಬಾಚಿದರೆ ಎಲ್ಲಾ ಸರಿಹೋಗುತ್ತೆ ಅನ್ನೋದು ಕೇಳೋಕೆ ಚೆಂದ. ಆದರೆ ನೆಬ್ಯುಲೈಸರ್ ಹಾಕಿದ ಡಾಕ್ಟರ್ ಮೇಡಂ ಆ ರಾತ್ರಿನೇ ನಮಗೆ ಬಿಡಿಸಿ ಹೇಳಿದ್ರು: ಅಲರ್ಜಿ ಕೂದಲಿಂದ ಬರೋದಲ್ಲ. ಬೆಕ್ಕಿನ ಎಂಜಲಲ್ಲಿ, ಚರ್ಮದ ಎಣ್ಣೆ ಗ್ರಂಥಿಯಲ್ಲಿ ಒಂದು ಪ್ರೋಟೀನ್ ಇರುತ್ತೆ, ಅದರ ಹೆಸರು ಫೆಲ್ ಡಿ 1. ಬೆಕ್ಕು ಮೈ ನೆಕ್ಕಿದಾಗ ಅದು ಕೂದಲಿಗೆ ಹತ್ತುತ್ತೆ, ಒಣಗಿ ಪುಡಿಯಾಗಿ ಗಾಳಿಗೆ ಸೇರುತ್ತೆ. ತುಂಬಾ ಹಗುರ, ಬೇಗ ಕೆಳಗೆ ಕೂರಲ್ಲ. ಬಟ್ಟೆಗೆ ಅಂಟಿಕೊಂಡು ಬೆಕ್ಕೇ ಇಲ್ಲದ ರೂಮಿಗೂ ಹೋಗುತ್ತೆ. ಬೆಕ್ಕು ಮನೆ ಬಿಟ್ಟ ಮೇಲೂ ತಿಂಗಳುಗಟ್ಟಲೆ ಉಳಿಯುತ್ತೆ. ನಾಯಿಗಳಲ್ಲೂ ಹೀಗೇ ಬೇರೆ ಪ್ರೋಟೀನುಗಳಿವೆ. ಅಂದ್ರೆ ಕೂದಲು ಬರೀ ಬಸ್ಸು, ಪ್ರಯಾಣಿಕ ಬೇರೆ. ಬಾಚಿದರೆ ಬಸ್ಸುಗಳ ಸಂಖ್ಯೆ ಕಮ್ಮಿ ಆಗುತ್ತೆ ನಿಜ, ಆದರೆ ಬಾಚೋ ಹೊತ್ತಲ್ಲಿ ಪುಡಿ ಏಳೋದೂ ಅಷ್ಟೇ ನಿಜ. ಅದಕ್ಕೇ ಉಬ್ಬಸ ಇರೋರು ಬಾಚಬಾರದು, ರೂಮಿನ ಒಳಗಂತೂ ಬಾಚಲೇಬಾರದು.

ಉದುರೋದನ್ನ ನಿಲ್ಲಿಸೋಕೆ ಯಾರ ಕೈಲೂ ಆಗಲ್ಲ. ಎಲ್ಲಿ ಉದುರಬೇಕು ಅನ್ನೋದನ್ನ ಮಾತ್ರ ನಾವು ತೀರ್ಮಾನಿಸಬಹುದು. ಭಾನುವಾರ ವಾರ್ಡನ್ ಸರ್‌ಗೆ ನಾವು ಹೇಳಿದ್ದು ಇಷ್ಟೇ. ಮೊಸರು ರೂಮಿಗೆ ಬರೋ ಹಾಗಿಲ್ಲ, ಅದರ ವಾಸ ಇನ್ಮೇಲೆ ಮೆಸ್ ಹಿಂದಿನ ಸ್ಟೋರಿನ ಜಗಲಿ. ರೂಮನ್ನ ಒದ್ದೆ ಬಟ್ಟೆಯಲ್ಲಿ ಒರೆಸ್ತೀವಿ, ಪೊರಕೆ ಹಾಕಿ ಪುಡಿ ಎಬ್ಬಿಸಲ್ಲ. ಹಾಸಿಗೆ ಬಟ್ಟೆಗಳನ್ನ ಬಿಸಿನೀರಲ್ಲಿ ಒಗೀತೀವಿ. ವಾರಕ್ಕೆ ಎರಡು ಸಲ ನಮ್ಮಿಬ್ಬರಲ್ಲಿ ಒಬ್ಬರು ಬಯಲಲ್ಲಿ ಕೂತು ವೈವಾನ್ನೂ ಮೊಸರನ್ನೂ ಬಾಚ್ತೀವಿ. ಬಾಚಿದ ಮೇಲೆ ಟೀ ಶರ್ಟ್ ಬದಲಾಯಿಸಿಯೇ ರೂಮಿಗೆ ಬರ್ತೀವಿ. ಸರ್ ಒಪ್ಪಿದ್ರು. ಮೊಸರು ಮಾತ್ರ ಒಪ್ಪಲಿಲ್ಲ. ಎರಡು ವಾರ ರಾತ್ರಿ ಹನ್ನೊಂದಕ್ಕೆ ಬಂದು ಬಾಗಿಲ ಹತ್ತಿರ ಕೂಗ್ತಿತ್ತು. ಬಾಗಿಲು ತೆಗೆಯದೇ ಒಳಗೆ ಕೂತಿರೋದು ಯಾವ ಇಂಟರ್ನಲ್ಸ್‌ಗಿಂತಲೂ ಕಷ್ಟ ಇತ್ತು. ಮೂರನೇ ವಾರಕ್ಕೆ ಕೂಗು ನಿಂತಿತು. ಅವನ ಸೀಟಿ ಉಸಿರು ಕೇಳೋದೂ ನಿಧಾನಕ್ಕೆ ಕಮ್ಮಿ ಆಯ್ತು.

ಇನ್ನು ಬಾಚೋ ವಿಷಯ. ಇದಕ್ಕೆ ದೊಡ್ಡ ಸಲಕರಣೆ ಏನೂ ಬೇಡ. ಮೂರೇ ಮೂರು ಸಾಕು. ಒಂದು, ಸ್ಲಿಕರ್ ಬ್ರಷ್. ಚಪ್ಪಟೆ ತಟ್ಟೆ ಮೇಲೆ ಬಗ್ಗಿದ ಸಣ್ಣ ತಂತಿಗಳು ಇರ್ತವೆ, ಕೆಳಗಿನ ತುಪ್ಪಳ ತೆಗೆಯೋಕೆ ಇದು. ಎರಡು, ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ, ಸಿಕ್ಕು ಉಳಿದಿದೆಯಾ ಅಂತ ನೋಡೋಕೆ. ಮೂರನೆಯದಕ್ಕೆ ಅಂಗಡಿಯಲ್ಲಿ 'ಫ್ಲೀ ಕೂಂಬ್' ಅಂತ ಹೆಸರಿಟ್ಟು ಮಾರ್ತಾರೆ. ಅದನ್ನ ನೋಡಿದ ಮೆಸ್ ಅಕ್ಕ, "ಅಯ್ಯೋ, ಇದು ಸೀರಣಿಗೆ ಅಲ್ವಾ!" ಅಂದ್ರು. ನಮ್ಮ ಅಜ್ಜಿಯರು ಹೇನು ತೆಗೆಯೋಕೆ ಇಟ್ಕೊಂಡಿರ್ತಿದ್ದ ಅದೇ ಒತ್ತು ಹಲ್ಲಿನ ಬಾಚಣಿಗೆ. ಬೆಕ್ಕಿನ ಚಿಗಟಕ್ಕೂ ಅದೇ ಕೆಲಸ ಮಾಡುತ್ತೆ.

ಬ್ರಷ್ಷನ್ನ ಮೊದಲು ನಿಮ್ಮ ಮುಂಗೈ ಮೇಲೆ ಎಳೆದು ನೋಡಿ. ನಿಮಗೆ ಉರಿದ್ರೆ ಅದಕ್ಕೂ ಉರಿಯುತ್ತೆ. ಒಂದೇ ಜಾಗಕ್ಕೆ ಹತ್ತು ಸಲ ಒತ್ತಿ ಎಳೆದ್ರೆ ಚರ್ಮ ಕೆಂಪಾಗಿ ತರಚುತ್ತೆ. ಕೂದಲು ಬೆಳೆದಿರೋ ದಿಕ್ಕಿಗೇ ಬಾಚಬೇಕು. ಎರಡು ಪದರದ ನಾಯಿಗೆ ಎಡಗೈಯಿಂದ ಕೂದಲನ್ನ ಮೇಲಕ್ಕೆತ್ತಿ, ಚರ್ಮದ ಗೆರೆ ಕಾಣೋ ಹಾಗೆ ಹಿಡಿದು, ಬಲಗೈಯಿಂದ ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಬಿಡಿಸ್ತಾ ಹೋಗಬೇಕು. ಬರೀ ಮೇಲೆ ಮೇಲೆ ಸವರಿದರೆ ನೋಡೋಕೆ ಚೆನ್ನಾಗಿ ಕಾಣುತ್ತೆ, ಒಳಗೆ ಗಂಟು ಹಾಗೇ ಇರುತ್ತೆ. ಅಸೈನ್‌ಮೆಂಟಿಗೆ ಮೊದಲ ಪುಟ ಮಾತ್ರ ನೀಟಾಗಿ ಬರೆದ ಹಾಗೆ. ಕಿವಿ ಹಿಂದೆ, ಕಂಕುಳು, ಬೆಲ್ಟ್ ಕಟ್ಟೋ ಕುತ್ತಿಗೆ, ಬಾಲದ ಬುಡ, ಗಂಟು ಹುಟ್ಟೋದೆಲ್ಲಾ ಇಂಥ ಉಜ್ಜಾಡೋ ಜಾಗದಲ್ಲೇ. ಗಂಟು ಸಿಕ್ಕಿದ್ರೆ ಬುಡವನ್ನ ಬೆರಳಲ್ಲಿ ಹಿಡ್ಕೊಂಡು, ಚರ್ಮ ಎಳೀದ ಹಾಗೆ ತುದಿಯಿಂದ ಬಿಡಿಸಬೇಕು. ಚೂರು ಕಾರ್ನ್‌ಫ್ಲೋರ್ ಉದುರಿಸಿದ್ರೆ ಜಾರುತ್ತೆ. ಕತ್ತರಿ ಹಾಕಬೇಡಿ. ಗಂಟಿನ ಒಳಗೆ ಚರ್ಮ ಎಲ್ಲಿ ಎದ್ದಿರುತ್ತೆ ಅಂತ ಕಾಣಲ್ಲ, ಕುಯ್ದು ಬಿಡುತ್ತೆ. ಕಂಬಳಿ ಆಗಿಬಿಟ್ಟಿದ್ರೆ ಪಶುವೈದ್ಯರ ಹತ್ತಿರ ಮೆಷಿನ್ನಲ್ಲಿ ತೆಗೆಸೋದೇ ಸರಿ. ವೈವಾಗೆ ಅದೇ ಮಾಡಿಸಿದ್ವಿ. ಇನ್ನೊಂದು ಮಾತು: ಬಾಚಿದ ಮೇಲೆ ಸ್ನಾನ. ಗಂಟಿದ್ದಾಗಲೇ ನೀರು ಹಾಕಿದ್ರೆ ಅದು ಇನ್ನೂ ಬಿಗಿಯಾಗುತ್ತೆ.

ಬೆಕ್ಕಿನ ಲೆಕ್ಕ ಬೇರೆ. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಅದರ ಅನುಮತಿ ಇರಲ್ಲ. ಕೆನ್ನೆ, ಗದ್ದದಿಂದ ಶುರು ಮಾಡಿ ಬೆನ್ನಿಗೆ ಹೋಗಬೇಕು, ಹೊಟ್ಟೆ ತಂಟೆಗೆ ಹೋಗಬಾರದು. ಬಾಲ ಆ ಕಡೆ ಈ ಕಡೆ ಹೊಡೆಯೋಕೆ ಶುರು ಮಾಡ್ತು, ಕಿವಿ ಹಿಂದಕ್ಕೆ ಹೋಯ್ತು ಅಂದ್ರೆ ಅವತ್ತಿನ ಕ್ಲಾಸ್ ಬಂದ್. ಡಿಸೆಂಬರ್ ಒಣ ಹವೆಯಲ್ಲಿ ಪ್ಲಾಸ್ಟಿಕ್ ಬಾಚಣಿಗೆ ಬೇಡ. ಸೆಕೆಂಡ್ ಪಿಯುಸಿಯ ಎನ್‌ಸಿಇಆರ್‌ಟಿ ಫಿಸಿಕ್ಸ್ ಪುಸ್ತಕದ ಮೊದಲ ಪಾಠ ನೆನಪಿದೆಯಾ? ಬೆಕ್ಕಿನ ತುಪ್ಪಳದಿಂದ ಉಜ್ಜಿದ ಪ್ಲಾಸ್ಟಿಕ್ ಕೋಲುಗಳು ಒಂದನ್ನೊಂದು ವಿಕರ್ಷಿಸ್ತವೆ ಅಂತ ಬಾಯಿಪಾಠ ಮಾಡಿದ್ವಲ್ಲ. ತುಪ್ಪಳದಿಂದ ಎಲೆಕ್ಟ್ರಾನು ಪ್ಲಾಸ್ಟಿಕ್ಕಿಗೆ ಹೋಗುತ್ತೆ, ಕೂದಲೆಲ್ಲಾ ಪಾಸಿಟಿವ್ ಆಗಿ ನಿಮಿರಿ ನಿಲ್ಲುತ್ತೆ. ಪಾಠದಲ್ಲಿ ಬರೆದಿಲ್ಲದ ವಿಷಯ ಏನಂದ್ರೆ, ಆ ಚಿಟ್ ಅನ್ನೋ ಶಾಕ್ ಬೆಕ್ಕಿಗೂ ಹೊಡೆಯುತ್ತೆ, ಆಮೇಲೆ ಬೆಕ್ಕು ನಮಗೆ ಹೊಡೆಯುತ್ತೆ. ಕೈ ಸ್ವಲ್ಪ ಒದ್ದೆ ಮಾಡ್ಕೊಂಡು ಸ್ಟೀಲ್ ಬಾಚಣಿಗೆ ಹಿಡಿದ್ರೆ ಈ ತೊಂದರೆ ಕಮ್ಮಿ.

ಅಷ್ಟಕ್ಕೂ ಬೆಕ್ಕಿಗೆ ನಮ್ಮ ಬ್ರಷ್ ಯಾಕೆ, ಅದೇ ದಿನವಿಡೀ ನೆಕ್ಕಿಕೊಳ್ಳುತ್ತಲ್ಲ? ಅದರ ನಾಲಿಗೆ ನಿಜಕ್ಕೂ ಒಳ್ಳೇ ಬ್ರಷ್. ಅಮೆರಿಕದ ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು ಅನ್ನೋ ಇಂಜಿನಿಯರುಗಳು ಮನೆ ಬೆಕ್ಕಿನಿಂದ ಹಿಡಿದು ಹುಲಿ, ಸಿಂಹದ ತನಕ ಆರು ಜಾತಿಯ ನಾಲಿಗೆ ನೋಡಿ 2018ರಲ್ಲಿ ಒಂದು ಪೇಪರ್ ಬರೆದ್ರು. ನಾಲಿಗೆಯ ಮೇಲಿನ ಗರಗಸದಂಥ ಮುಳ್ಳುಗಳ ತುದಿ ಗಟ್ಟಿಯಲ್ಲ, ಚಮಚದ ಹಾಗೆ ಟೊಳ್ಳು. ಸರ್ಫೇಸ್ ಟೆನ್ಷನ್‌ನಿಂದ ಆ ಟೊಳ್ಳು ಎಂಜಲನ್ನ ಹೀರಿ ಹಿಡ್ಕೊಂಡು ಕೂದಲಿನ ಬುಡದ ತನಕ ಒಯ್ಯುತ್ತೆ. ಅದನ್ನೇ ನೋಡಿ 3ಡಿ ಪ್ರಿಂಟ್ ಮಾಡಿ ಒಂದು ಬ್ರಷ್ಷನ್ನೂ ಮಾಡಿದ್ರು. ಮನುಷ್ಯರು ಉದ್ದ ಕೂದಲಿಗೆ ಬೆಳೆಸಿದ ಪರ್ಷಿಯನ್ ಬೆಕ್ಕಲ್ಲಿ ಮಾತ್ರ ಮುಳ್ಳು ಚರ್ಮದ ತನಕ ತಲುಪಲ್ಲ ಅಂತಲೂ ಅವರಿಗೆ ಕಂಡಿತು. ಅಲ್ಲಿ ಮತ್ತೆ ನಮ್ಮ ಕೈಯೇ ಬೇಕು. ಮೊಸರಿನಂಥ ಗಿಡ್ಡ ಕೂದಲಿನ ಬೆಕ್ಕಿಗೂ ಒಂದು ತೊಂದರೆ ಇದೆ. ಮುಳ್ಳುಗಳೆಲ್ಲಾ ಗಂಟಲ ಕಡೆಗೇ ಬಾಗಿರ್ತವೆ, ಹಾಗಾಗಿ ಸಿಕ್ಕ ಕೂದಲನ್ನ ಉಗುಳೋಕೆ ಆಗಲ್ಲ, ನುಂಗಲೇಬೇಕು. ಹೆಚ್ಚಿನದು ಹೊಟ್ಟೆ ದಾಟಿ ಹೋಗುತ್ತೆ, ಉಳಿದದ್ದು ಉಂಡೆಯಾಗಿ ವಾಂತಿಯಲ್ಲಿ ಬರುತ್ತೆ. ನಾವು ಬಾಚಿ ತೆಗೆದಷ್ಟು ಕೂದಲು ಅದರ ಹೊಟ್ಟೆಗೆ ಹೋಗಲ್ಲ.

ನಾಯಿ ಮೈ ಬಾಚಿ ಏನ್ ಸಿಗುತ್ತೆ ಅಂತ ನಗೋರಿಗೆ ಇನ್ನೊಂದು ಕಥೆ. 1941ರಲ್ಲಿ ಸ್ವಿಟ್ಜರ್‌ಲೆಂಡಿನ ಇಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ನಾಯಿ ಜೊತೆ ಬೆಟ್ಟ ಸುತ್ತಿ ಬಂದಾಗ ನಾಯಿಯ ಕೂದಲಿಗೂ ತನ್ನ ಬಟ್ಟೆಗೂ ಮುಳ್ಳುಕಾಯಿಗಳು ಅಂಟಿದ್ದವು. ನಮ್ಮ ಗ್ರೌಂಡಿನ ಪಕ್ಕದ ಉತ್ತರಾಣಿ ಪ್ಯಾಂಟಿಗೆ ಅಂಟಲ್ವಾ, ಹಾಗೆ. ಅವರು ಕಿತ್ತು ಬಿಸಾಡದೇ ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಿದ್ರು. ತುದಿಯಲ್ಲಿ ಪುಟ್ಟ ಪುಟ್ಟ ಕೊಕ್ಕೆಗಳು ಕಂಡವು. ವರ್ಷಗಟ್ಟಲೆ ಒದ್ದಾಡಿ ಅದನ್ನೇ ನೈಲಾನಲ್ಲಿ ಮಾಡಿದ್ರು, 1955ರಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ಬ್ಯಾಗು, ಸ್ಯಾಂಡಲ್ಲು, ಬಿಪಿ ನೋಡೋ ಪಟ್ಟಿ, ಎಲ್ಲದರಲ್ಲೂ ಪರ್ ಅಂತ ಹರಿಯೋ ವೆಲ್ಕ್ರೊ ಬಂದದ್ದು ಹೀಗೆ.

ನಮಗೆ ಸಿಕ್ಕಿದ್ದು ಪೇಟೆಂಟ್ ಅಲ್ಲ, ಉಣ್ಣಿ.

ನಮ್ಮ ಇನ್ನೊಬ್ಬ ರೂಮ್‌ಮೇಟ್ ತೀರ್ಥಹಳ್ಳಿ ಕಡೆಯವನು. ಅವರಲ್ಲಿ ಇದಕ್ಕೆ ಉಣುಗು ಅಂತಾರೆ. ಉಣುಗು ಅನ್ನೋ ಪದ ಕೇಳಿದ್ರೆ ಅವರ ಮನೆಯಲ್ಲಿ ಯಾರೂ ನಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡೋದು ಕಾಡಿನ ಉಣುಗಿನಿಂದ. ನಾಯಿಗಳ ಮೈಮೇಲೆ ಸಾಮಾನ್ಯವಾಗಿ ಸಿಗೋ ಕಂದು ಉಣ್ಣಿ ಅದಲ್ಲ, ಬೇರೆ ಜಾತಿ. ಆದರೂ ಅದರ ದೆಸೆಯಿಂದ ನಾಯಿಗಳಿಗೆ ಬೇರೆಯದೇ ಜ್ವರ ಬರುತ್ತೆ. ಅವನ ಮನೆಯಲ್ಲಿ ದನಗಳ ಮೈ ತೊಳೆಯೋವಾಗ ತೆಂಗಿನ ನಾರಲ್ಲಿ ಉಜ್ಜಿ, ಕಿವಿ ಒಳಗೆ, ಕೆಚ್ಚಲ ಹತ್ತಿರ, ಬಾಲದ ಕೆಳಗೆ ಬೆರಳಾಡಿಸಿ ನೋಡ್ತಾರಂತೆ. "ಮೈ ಉಜ್ಜೋದು ಅಂದ್ರೆ ಚೊಕ್ಕ ಮಾಡೋದಷ್ಟೇ ಅಲ್ಲ ಮಾರಾಯಾ, ಹಸು ಹೆಂಗಿದೆ ಅಂತ ಕೇಳೋದು" ಅಂತ ಅವನ ಅಜ್ಜ ಹೇಳ್ತಾರಂತೆ. ಈ ಮಾತನ್ನ ಅವನು ಹೇಳಿದ ಮೇಲೆ ನಾವು ಬಾಚೋ ರೀತಿನೇ ಬದಲಾಯ್ತು. ಬಲಗೈಯಲ್ಲಿ ಬ್ರಷ್, ಎಡಗೈ ಬೆರಳು ಚರ್ಮದ ಮೇಲೆ.

ಹಾಗೆ ಬೆರಳಾಡಿಸ್ತಿದ್ದಾಗ ಫೆಬ್ರವರಿಯ ಒಂದು ಸಂಜೆ ವೈವಾ ಕಿವಿಯ ಮಡಿಕೆಯಲ್ಲಿ ಔಡಲ ಬೀಜದ ಹಾಗೆ ಉಬ್ಬಿದ ನಾಲ್ಕು ಉಣ್ಣಿ ಸಿಕ್ಕವು. ಕಾಲ್ಬೆರಳ ಸಂದಿಯಲ್ಲಿ ಇನ್ನೆರಡು. ಅವತ್ತು ಅದು ಬ್ರಷ್ ನೋಡಿದ್ರೂ ಏಳಲಿಲ್ಲ. ತುಟಿ ಎತ್ತಿ ನೋಡಿದ್ರೆ ಗುಲಾಬಿ ಇರಬೇಕಾದ ವಸಡು ಬಿಳಿಚಿಕೊಂಡಿತ್ತು. ಹೊರಗಿಂದ ನೋಡಿದವರಿಗೆ ಅದು ಬಿಸಿಲಿಗೆ ಮಲಗಿದ ಸೋಮಾರಿ ನಾಯಿ ಅಷ್ಟೇ. ವಾರಕ್ಕೆರಡು ಸಲ ಮೈ ಮುಟ್ಟಿದ್ದ ಕೈಗೆ ಮಾತ್ರ ಪಕ್ಕೆಲುಬು ಹೆಚ್ಚು ಸಿಗ್ತಾ ಇದೆ ಅಂತ ಗೊತ್ತಾಯ್ತು.

ಮಾರನೇ ದಿನ ಎರಡು ಕ್ಲಾಸ್ ಬಿಟ್ಟು ಪಶು ಆಸ್ಪತ್ರೆಗೆ ಒಯ್ದ್ವಿ. ರಕ್ತ ಪರೀಕ್ಷೆ ಮಾಡಿ ಉಣ್ಣಿ ಜ್ವರ ಅಂದ್ರು. ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾ, ರಕ್ತದ ಪ್ಲೇಟ್‌ಲೆಟ್ ಇಳಿಸಿಬಿಡುತ್ತೆ, ತಡವಾದ್ರೆ ಮೂಗಲ್ಲಿ ರಕ್ತ ಬಂದು ನಾಯಿ ಸಾಯಲೂಬಹುದು. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ. ಮಹಡಿಯವರೆಲ್ಲಾ ಸೇರಿ ದುಡ್ಡು ಹಾಕಿದ್ರು. ದಿನಾ ಮಾತ್ರೆಯ ಲೆಕ್ಕ ಬರೆದಿಟ್ಟದ್ದು ಉಬ್ಬಸದವನು. ಹತ್ತಿರ ಬರೋ ಹಾಗಿಲ್ಲ, ಹಾಗಾಗಿ ಗೇಟಿನ ಕಟ್ಟೆ ಮೇಲೆ ದೂರ ಕೂತು ನೋಟ್‌ಬುಕ್ಕಲ್ಲಿ ತಾರೀಖು, ಹೊತ್ತು, ತಿಂತೋ ಉಗುಳ್ತೋ ಅಂತ ಬರೆದ. ಅವನ ಲ್ಯಾಬ್ ರೆಕಾರ್ಡ್ ಯಾವತ್ತೂ ಅಷ್ಟು ಕರೆಕ್ಟಾಗಿ ಇರಲಿಲ್ಲ. ಹನ್ನೆರಡನೇ ದಿನ ವೈವಾ ಬ್ರಷ್ ನೋಡಿ ಎದ್ದು ಬಾಲ ಆಡಿಸಿತು.

ಉಣ್ಣಿ ಕೀಳೋದಕ್ಕೂ ಕ್ರಮ ಇದೆ. ಸೀಮೆಎಣ್ಣೆ ಸುರಿಯೋದು, ಬೆಂಕಿಕಡ್ಡಿ ತಾಗಿಸೋದು, ಉಗುರಲ್ಲಿ ಕುಕ್ಕೋದು ಯಾವುದೂ ಬೇಡ. ಸಣ್ಣ ತುದಿಯ ಚಿಮಟದಲ್ಲಿ ಚರ್ಮಕ್ಕೆ ತಾಗೋ ಹಾಗೆ ಹಿಡಿದು, ತಿರುಚದೇ ನೇರ ನಿಧಾನ ಎಳೀಬೇಕು, ಆಮೇಲೆ ಸೋಪು ಹಾಕಿ ಕೈ ತೊಳೀಬೇಕು. ಈ ಉಣ್ಣಿ ತನ್ನ ಆಯಸ್ಸಿನ ಹೆಚ್ಚು ಭಾಗ ಕಳೆಯೋದು ನಾಯಿ ಮೇಲಲ್ಲ, ಗೋಡೆ ಸಂದು, ಗೋಣಿಚೀಲ, ಮಲಗೋ ಜಾಗದಲ್ಲಿ. ಒಂದೊಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತೆ. ಅದಕ್ಕೇ ವೈವಾ ಮಲಗ್ತಿದ್ದ ಹಳೇ ಚೀಲ ಸುಟ್ಟು ಹಾಕಿದ್ವಿ. ಬೆಕ್ಕೂ ನಾಯಿಯೂ ಒಟ್ಟಿಗೆ ಇರೋ ಕಡೆ ಮರೀಬಾರದ ಒಂದು ಮಾತು: ನಾಯಿಗೆ ಹಾಕೋ ಉಣ್ಣಿ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ರೆ ಅದು ಬೆಕ್ಕಿಗೆ ವಿಷ. ಬೆಕ್ಕಿಗೆ ಏನು ಹಾಕಬೇಕು ಅಂತ ವೈದ್ಯರನ್ನೇ ಕೇಳಿ.

ಇದನ್ನ ಓದಿ ನಾಳೆನೇ ಕ್ಯಾಂಪಸ್ಸಿನ ಯಾವುದೋ ನಾಯಿಗೆ ಬ್ರಷ್ ಹಿಡ್ಕೊಂಡು ಹೋಗಬೇಡಿ. ಪರಿಚಯ ಇಲ್ಲದ ನಾಯಿ, ಮರಿ ಹಾಕಿದ ನಾಯಿ, ಊಟ ಮಾಡ್ತಿರೋ ನಾಯಿ, ಇವುಗಳ ತಂಟೆ ಬೇಡ. ವೈವಾಗೂ ಮೊಸರಿಗೂ ರೇಬಿಸ್ ಲಸಿಕೆ ಹಾಕಿಸಿದೆ, ಚೀಟಿ ನಮ್ಮ ರೂಮಲ್ಲಿದೆ. ಯಾವ ನಾಯಿ, ಬೆಕ್ಕು ಕಚ್ಚಿದ್ರೂ ಪರಚಿದ್ರೂ ಗಾಯವನ್ನ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಸಣ್ಣ ಗೀರು ತಾನೇ ಅಂತ ಬಿಡೋ ಹಾಗಿಲ್ಲ.

ಬಾಚಿದ ಕೂದಲು ಏನ್ ಮಾಡ್ತೀರ ಅಂತ ತುಂಬಾ ಜನ ಕೇಳ್ತಾರೆ. ಗುಬ್ಬಿ ಗೂಡಿಗಾಗುತ್ತೆ, ಮರದ ಕೆಳಗೆ ಹಾಕಿ ಅಂತ ಹೇಳೋರೂ ಇದ್ದಾರೆ. ಉಣ್ಣಿ ಔಷಧಿ ಹಚ್ಚಿದ ನಾಯಿಯ ಕೂದಲಲ್ಲಿ ಆ ಔಷಧಿಯೂ ಇರುತ್ತೆ, ಮರಿಗಳಿರೋ ಗೂಡಿಗೆ ಅದು ಹೋಗಬಾರದು. ಬಾತ್‌ರೂಮಿಗೆ ಹಾಕಿದ್ರೆ ಪೈಪ್ ಕಟ್ಟಿಕೊಳ್ಳುತ್ತೆ. ಪೇಪರಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕೋದೇ ಸರಿ.

ಈಗ ಒಂದು ಯೋಚನೆ ಮಾತ್ರ ಉಳಿದಿದೆ. ಸೆಮಿಸ್ಟರ್ ರಜೆ ಬಂದ್ರೆ ಹಾಸ್ಟೆಲ್ ಖಾಲಿ. ನಾವು ಊರಲ್ಲಿ ಅಮ್ಮನ ಕೈ ಊಟ ಮಾಡ್ಕೊಂಡಿರ್ತೀವಿ, ಇವುಗಳ ಕೂದಲು ಉದುರೋದಕ್ಕೆ ರಜೆ ಇಲ್ಲ. ಹೋದ ರಜೆಗೆ ಗೇಟಿನ ಸೆಕ್ಯೂರಿಟಿ ತಾತನ್ನ ಕೇಳಿದ್ವಿ. "ತಾತ, ವಾರಕ್ಕೊಂದ್ ಸಲ ಆದ್ರೂ ಬಾಚ್ತೀರಾ?" ತಾತ ಬ್ರಷ್ಷನ್ನ ತಿರುಗಿಸಿ ಮುರುಗಿಸಿ ನೋಡಿ, "ನಮ್ ಕಾಲ್ದಾಗೆ ಎತ್ತಿಗೆ ಉಜ್ತಿದ್ವಿ, ಈಗ ನಾಯಿಗೆ. ಆಯ್ತು ಬುಡ್ರಪ್ಪ, ಸುಮ್ನೆ ಕೂತಿರ್ತೀನಲ್ಲ" ಅಂದ್ರು. ಪಕ್ಕದಲ್ಲೇ ಇದ್ದ ಮೆಸ್ ಅಕ್ಕ, "ನಿಮ್ ತಲೆ ಕಾಗೆ ಗೂಡಾಗೈತೆ, ಮೊದ್ಲು ಅದನ್ನ ಬಾಚ್ಕೊಳ್ರಪ್ಪ" ಅಂತ ನಕ್ರು. ರಜೆ ಮುಗಿಸಿ ಬಂದಾಗ ವೈವಾ ಕಿವಿ ಹಿಂದೆ ಒಂದು ಗಂಟೂ ಇರಲಿಲ್ಲ. ಮೊಸರನ್ನ ಮಾತ್ರ ತಾತ ಮುಟ್ಟಿರಲಿಲ್ಲ, ಬೆಕ್ಕು ಅಂದ್ರೆ ಅವರಿಗೆ ಸ್ವಲ್ಪ ಭಯ. ಅದನ್ನ ಅಕ್ಕ ನೋಡ್ಕೊಂಡಿದ್ರು, ಸೀರಣಿಗೆಯಲ್ಲೇ.

ಇನ್ನೆರಡು ವರ್ಷಕ್ಕೆ ನಾವೂ ಹೋಗ್ತೀವಿ. ವೈವಾ, ಮೊಸರು ಇಲ್ಲೇ ಇರ್ತವೆ. ಒಂದನೇ ವರ್ಷದೋರು ಯಾರಾದ್ರೂ ಕಲೀಬೇಕು ಅನ್ನೋರು ಇದ್ರೆ ಮಂಗಳವಾರ, ಶನಿವಾರ ಸಂಜೆ ಐದೂವರೆಗೆ ಹಿಂದಿನ ಗೇಟಿಗೆ ಬನ್ನಿ. ಬ್ರಷ್ಷು ಸೆಕ್ಯೂರಿಟಿ ಕ್ಯಾಬಿನ್ನಿನ ಮೊಳೆಗೆ ನೇತಾಕಿರುತ್ತೆ, ನೋಟ್‌ಬುಕ್ ಅದರ ಪಕ್ಕದಲ್ಲಿರುತ್ತೆ. ಹಳೇ ಟೀ ಶರ್ಟ್ ಹಾಕ್ಕೊಂಡು ಬನ್ನಿ. ಉಬ್ಬಸ ಇರೋರು ಕಟ್ಟೆ ಮೇಲೆ ಕೂತು ಲೆಕ್ಕ ಬರೀಬಹುದು, ಅಲ್ಲಿ ಜಾಗ ಇದೆ.